ವಾಕರಿಕೆ ನಿಲ್ಲುತ್ತಿಲ್ಲ, ಆಹಾರ ಸೇರುತ್ತಿಲ್ಲ: ಮನೆಯಲ್ಲಿ ಉಪಶಾಮಕ ಆರೈಕೆಯಲ್ಲಿರುವ ತಾಯಿಗೆ ಏನು ಮಾಡಬಹುದು?

ಕಿಟಕಿಪಕ್ಕ:
ನಮ್ಮ ತಾಯಿಯವರಿಗೆ ಅಂಡಾಶಯದ ಕ್ಯಾನ್ಸರ್. ಅದು ಯಕೃತ್ತಿಗೂ ಹರಡಿದ್ದು, ಇನ್ನು ಕೀಮೋಥೆರಪಿಯಿಂದ ಪ್ರಯೋಜನವಿಲ್ಲವೆಂದು ವೈದ್ಯರು ತಿಳಿಸಿದ ಮೇಲೆ ಮನೆಯಲ್ಲೇ ಉಪಶಾಮಕ ಆರೈಕೆ ನಡೆಯುತ್ತಿದೆ. ಈಚೆಗೆ ಮಾರ್ಫಿನ್ ಮಾತ್ರೆ ಆರಂಭಿಸಿದ್ದರಿಂದ ನೋವು ಹಿಡಿತಕ್ಕೆ ಬಂದಿದೆ, ಆದರೆ ವಾಕರಿಕೆ ಶುರುವಾಗಿದೆ. ಅಗತ್ಯವೆನಿಸಿದಾಗ ಕೊಡಿ ಎಂದು ಒಂಡಾನ್ಸೆಟ್ರಾನ್ ಬರೆದುಕೊಟ್ಟಿದ್ದಾರೆ. ಕೊಟ್ಟರೂ ಹೆಚ್ಚಿನ ವ್ಯತ್ಯಾಸ ಕಾಣುತ್ತಿಲ್ಲ. ಎರಡು ಚಮಚ ಒಳಗೆ ಹೋಗುವಷ್ಟರಲ್ಲಿ ಹೊಟ್ಟೆ ತುಂಬಿತೆನ್ನುತ್ತಾರೆ, ಮತ್ತೆ ಒತ್ತಾಯಿಸಿದರೆ ಮುಖ ತಿರುಗಿಸುತ್ತಾರೆ. ತಿನ್ನದಿದ್ದರೆ ಶಕ್ತಿ ಎಲ್ಲಿಂದ ಬರಬೇಕು, ಡ್ರಿಪ್ ಹಾಕಿಸೋಣ ಎಂದು ಅಣ್ಣ ಪಟ್ಟು ಹಿಡಿದಿದ್ದಾನೆ. ಇಂಥ ಪರಿಸ್ಥಿತಿಯಲ್ಲಿ ಮನೆಯವರನ್ನು ನೋಡಿಕೊಂಡ ಅನುಭವವಿರುವವರು ದಯವಿಟ್ಟು ಬರೆಯಿರಿ. ಕ್ಯಾನ್ಸರ್ ಗುಣಪಡಿಸುವ ಸಲಹೆಗಳು ಬೇಡ; ಅಮ್ಮನಿಗೆ ಈಗಿರುವ ಸಂಕಟ ಕಡಿಮೆಯಾದರೆ ಸಾಕು.

ಬಿಡುವು:
ಮಲವಿಸರ್ಜನೆ ಸರಿಯಾಗಿ ಆಗುತ್ತಿದೆಯೇ ಎಂಬುದನ್ನು ಮೊದಲು ಹೇಳಿ, ಉಳಿದದ್ದೆಲ್ಲ ಆಮೇಲೆ.

ಹಳೆಯ ದಾದಿ:
ಬಿಡುವು ಅವರ ಪ್ರಶ್ನೆಯೇ ನನ್ನ ಮೊದಲ ಪ್ರಶ್ನೆಯೂ ಹೌದು. ನಾನು ಮನೆಮನೆಗೆ ಹೋಗಿ ಉಪಶಾಮಕ ಆರೈಕೆ ನೀಡುವ ತಂಡದಲ್ಲಿ ಬಹುಕಾಲ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ.

ವಾಕರಿಕೆ ಒಂದೇ ಬಗೆಯದಲ್ಲ, ಆದ್ದರಿಂದ ಒಂದೇ ಮಾತ್ರೆಯಿಂದ ಎಲ್ಲರಿಗೂ ನಿಲ್ಲುವುದೂ ಇಲ್ಲ. ಮಾರ್ಫಿನ್ ಅಥವಾ ರಕ್ತದಲ್ಲಿ ಏರಿದ ಕ್ಯಾಲ್ಸಿಯಂ ಮಿದುಳಿನಲ್ಲಿ ವಾಂತಿಯನ್ನು ಪ್ರಚೋದಿಸುವ ಜಾಗವನ್ನು ಕೆರಳಿಸಿದರೆ ದಿನವಿಡೀ ಹೊಟ್ಟೆ ತೊಳಸುತ್ತದೆ, ವಾಂತಿಯಾದರೂ ಸಮಾಧಾನವೆನಿಸುವುದಿಲ್ಲ. ಜಠರವೇ ನಿಧಾನವಾಗಿದ್ದರೆ ಅಥವಾ ಊದಿಕೊಂಡ ಯಕೃತ್ತು, ಹೊಟ್ಟೆಯಲ್ಲಿ ಸೇರಿದ ನೀರು ಅದನ್ನು ಅದುಮುತ್ತಿದ್ದರೆ ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ, ಒಮ್ಮೆಲೇ ಬಹಳಷ್ಟು ವಾಂತಿಯಾಗುತ್ತದೆ, ಆದ ಕೂಡಲೇ ಹಾಯೆನಿಸುತ್ತದೆ. ಬೆಳಗ್ಗೆ ಏಳುವಾಗಲೇ ತಲೆನೋವಿನೊಂದಿಗೆ ವಾಂತಿಯಾದರೆ ತಲೆಯೊಳಗಿನ ಒತ್ತಡವನ್ನು ಅನುಮಾನಿಸಬೇಕು. ತಲೆ ಹೊರಳಿಸಿದಾಗ ಮಾತ್ರ ಬಂದರೆ ಕಿವಿಯೊಳಗಿನ ಸಮತೋಲನದ ಅಂಗ ಕಾರಣವಿರಬಹುದು. ಊಟದ ತಟ್ಟೆ ಕಂಡೊಡನೆ ಅಥವಾ ಆಸ್ಪತ್ರೆಯ ಮಾತೆತ್ತಿದೊಡನೆ ಬಂದರೆ ಅದರಲ್ಲಿ ಆತಂಕದ ಪಾಲೂ ಇರುತ್ತದೆ.

ಯಾವ ಹೊತ್ತಿಗೆ ವಾಕರಿಕೆ ಹೆಚ್ಚುತ್ತದೆ, ವಾಂತಿಯ ಬಣ್ಣವೇನು, ಎಷ್ಟು ಆಯಿತು, ಆಮೇಲೆ ಹಗುರವೆನಿಸಿತೇ, ಕೊನೆಯದಾಗಿ ಹೊಟ್ಟೆ ಖಾಲಿಯಾದದ್ದು ಯಾವಾಗ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ನಿಮ್ಮ ತಂಡಕ್ಕೆ ಕರೆ ಮಾಡಿದಾಗ ಆ ಚೀಟಿ ಅರ್ಧ ಪರೀಕ್ಷೆಯಷ್ಟು ಕೆಲಸ ಮಾಡುತ್ತದೆ.

ಕಿಟಕಿಪಕ್ಕ:
ಧನ್ಯವಾದಗಳು, ಚೀಟಿ ಇಂದೇ ಆರಂಭಿಸುತ್ತೇನೆ. ಮಲಬದ್ಧತೆ ಇದ್ದಂತಿಲ್ಲ, ಏಕೆಂದರೆ ಆಗಾಗ ಸ್ವಲ್ಪ ಸ್ವಲ್ಪ ನೀರಾಗಿಯೇ ಹೋಗುತ್ತಿದೆ. ಅದಕ್ಕಾಗಿಯೇ ಮಾರ್ಫಿನ್ ಜೊತೆಗೆ ಕೊಟ್ಟಿದ್ದ ಮಲ ಸಡಿಲಗೊಳಿಸುವ ಔಷಧಿಯನ್ನು ಅಣ್ಣ ನಿಲ್ಲಿಸಿದ್ದಾನೆ.

ಹಳೆಯ ದಾದಿ:
ಆ ಔಷಧಿಯ ವಿಷಯವಾಗಿ ತಂಡದವರೊಡನೆ ಇಂದೇ ಮಾತನಾಡಿ. ಗಟ್ಟಿಯಾದ ಮಲ ಕೆಳಗೆ ಸಿಕ್ಕಿಕೊಂಡಿರುವಾಗ, ಅಡ್ಡ ಬಿದ್ದ ಬಂಡೆಯ ಪಕ್ಕದಿಂದ ನೀರು ಜಿನುಗುವಂತೆ, ತೆಳುವಾದ ಮಲ ಮಾತ್ರ ಹೊರಬರುತ್ತದೆ. ನೋಡಿದವರು ಭೇದಿ ಎಂದುಕೊಳ್ಳುತ್ತಾರೆ. ನಿಜವಾಗಿ ಯಾವುದೆಂದು ನರ್ಸ್ ಪರೀಕ್ಷಿಸಿ ಹೇಳಬೇಕು. ಎನಿಮಾ ಅಥವಾ ಗುದದ್ವಾರದಲ್ಲಿ ಇಡುವ ಮಾತ್ರೆ ಬೇಕಾಗಬಹುದು. ಮಾರ್ಫಿನ್‌ನಿಂದ ಬರುವ ವಾಕರಿಕೆ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ತಗ್ಗುತ್ತದೆ. ಅದರಿಂದಾಗುವ ಮಲಬದ್ಧತೆ ಮಾತ್ರ ತಾನಾಗಿ ತಗ್ಗುವುದಿಲ್ಲ, ಮಾರ್ಫಿನ್ ನಡೆಯುವಷ್ಟು ಕಾಲವೂ ಜೊತೆಗೇ ಇರುತ್ತದೆ.

ಔಷಧಪೆಟ್ಟಿಗೆ:
ನಾನು ಔಷಧ ವಿತರಕ. ಹಿಂದಿನ ಮಾತಿಗೆ ಒಂದು ಸೇರ್ಪಡೆ: ಒಂಡಾನ್ಸೆಟ್ರಾನ್ ಕೂಡ ಮಲಬದ್ಧತೆಯನ್ನು ಹೆಚ್ಚಿಸುತ್ತದೆ. ಕೀಮೋಥೆರಪಿಯ ವಾಂತಿಗೆ ಅದು ಒಳ್ಳೆಯ ಔಷಧಿಯೇ, ಆದರೆ ಕೀಮೋ ನಿಂತ ಮೇಲೂ ಅಭ್ಯಾಸಬಲದಿಂದ ಅದನ್ನೇ ಮುಂದುವರಿಸುವುದನ್ನು ಬಹಳ ಸಲ ನೋಡುತ್ತೇನೆ. ಮಾರ್ಫಿನ್ ಅಥವಾ ರಕ್ತದ ರಾಸಾಯನಿಕ ಏರುಪೇರು ಕಾರಣವಾಗಿದ್ದರೆ ಅತಿ ಕಡಿಮೆ ಪ್ರಮಾಣದ ಹ್ಯಾಲೊಪೆರಿಡಾಲ್ ಅನ್ನು ವೈದ್ಯರು ಆಯ್ದುಕೊಳ್ಳುವುದುಂಟು. ಅದು ಮಾನಸಿಕ ಕಾಯಿಲೆಯ ಮಾತ್ರೆಯಲ್ಲವೇ ಎಂದು ಮನೆಯವರು ಹಿಂಜರಿಯುತ್ತಾರೆ. ವಾಕರಿಕೆಗೆ ಕೊಡುವ ಪ್ರಮಾಣವೇ ಬೇರೆ. ಜಠರ ನಿಧಾನವಾಗಿದ್ದರೆ ಅದನ್ನು ಮುಂದಕ್ಕೆ ತಳ್ಳುವ ಮೆಟೊಕ್ಲೊಪ್ರಮೈಡ್ ಅಥವಾ ಡೊಂಪೆರಿಡಾನ್ ಬಳಸುತ್ತಾರೆ. ಮಿದುಳಿನ ಊತವಿದ್ದರೆ ಡೆಕ್ಸಾಮೆಥಸೋನ್ ಕೊಡುತ್ತಾರೆ.

ಎಚ್ಚರಿಕೆಯ ಮಾತುಗಳೂ ಇವೆ. ಕರುಳು ಪೂರ್ತಿ ಕಟ್ಟಿಕೊಂಡಿದ್ದರೆ ಮೆಟೊಕ್ಲೊಪ್ರಮೈಡ್ ಕೊಡಬಾರದು. ಹೊಟ್ಟೆ ಹಿಂಡುವ ನೋವಿಗೆ ಕೊಡುವ ಹಯೋಸಿನ್ ಅದರ ಕೆಲಸವನ್ನೇ ತಡೆಯುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಕೊಡುವುದರಲ್ಲಿ ಅರ್ಥವಿಲ್ಲ. ಪಾರ್ಕಿನ್ಸನ್ ಕಾಯಿಲೆ ಇರುವವರಿಗೆ ಹ್ಯಾಲೊಪೆರಿಡಾಲ್ ಮತ್ತು ಮೆಟೊಕ್ಲೊಪ್ರಮೈಡ್ ಎರಡೂ ಆಗಿಬರುವುದಿಲ್ಲ. ಇವನ್ನು ಆರಂಭಿಸಿದ ಮೇಲೆ ರೋಗಿ ಕುಳಿತಲ್ಲಿ ಕೂರಲಾರದೆ ಚಡಪಡಿಸತೊಡಗಿದರೆ ಅಥವಾ ದವಡೆ ಬಿಗಿದರೆ ಅದು ಔಷಧಿಯ ಅಡ್ಡಪರಿಣಾಮವಿರಬಹುದು, ತಕ್ಷಣ ತಿಳಿಸಬೇಕು.

ಮತ್ತೊಂದು ವಿಷಯ. ವಾಕರಿಕೆ ದಿನವೂ ಇದ್ದರೆ ಮಾತ್ರೆಯನ್ನು ಬಂದಾಗ ನೋಡೋಣವೆಂದು ಇಟ್ಟುಕೊಳ್ಳದೆ ಹೊತ್ತುಹೊತ್ತಿಗೆ, ಆಹಾರಕ್ಕೆ ಸುಮಾರು ಅರ್ಧ ಗಂಟೆ ಮೊದಲು ಕೊಡಬೇಕಾಗುತ್ತದೆ. ಹಾಗೆ ಬರೆದುಕೊಡುವಂತೆ ನೀವೇ ಕೇಳಿ.

ಎಲೆಹಸಿರು:
ಇಷ್ಟೆಲ್ಲ ಮಾತ್ರೆಗಳೇಕೆ? ಶುಂಠಿಯ ರಸ ಕೊಟ್ಟರೆ ಎಂಥ ವಾಕರಿಕೆಯೂ ನಿಲ್ಲುತ್ತದೆ.

ಔಷಧಪೆಟ್ಟಿಗೆ:
ಎಂಥದ್ದೂ ನಿಲ್ಲುವುದಿಲ್ಲ. ಸೌಮ್ಯವಾದ ವಾಕರಿಕೆಯಲ್ಲಿ ಶುಂಠಿ ಕೆಲವರಿಗೆ ಹಿತವೆನಿಸುತ್ತದೆ, ಇಷ್ಟಪಟ್ಟರೆ ಸ್ವಲ್ಪ ಕೊಡಬಹುದು. ಆದರೆ ಕರುಳು ಕಟ್ಟಿಕೊಂಡವರಿಗೆ, ಕ್ಯಾಲ್ಸಿಯಂ ಏರಿದವರಿಗೆ ಶುಂಠಿ ಕುಡಿಸುತ್ತ ಕುಳಿತರೆ ಹೊತ್ತು ಕಳೆಯುವುದಷ್ಟೇ. ಬಾಯಿ ಹುಣ್ಣಾಗಿದ್ದರಂತೂ ಅದು ಉರಿಯುತ್ತದೆ.

ಹಾಸಿಗೆಯಿಂದ:
ಇಲ್ಲಿ ಬರೆಯುತ್ತಿರುವವರೆಲ್ಲ ನೋಡಿಕೊಳ್ಳುವವರು. ನಾನು ನೋಡಿಕೊಳ್ಳಲ್ಪಡುವವನು, ನನ್ನ ಕಡೆಯ ಮಾತನ್ನೂ ಕೇಳಿ.

ನನಗೆ ಜಠರದ ಕ್ಯಾನ್ಸರ್. ವಾಕರಿಕೆಗಿಂತ ಹೆಚ್ಚು ನನ್ನನ್ನು ದಣಿಸುವುದು ಊಟದ ಹೊತ್ತಿನ ಮುಖಗಳು. ಎಲ್ಲರ ಕಣ್ಣೂ ಚಮಚದ ಮೇಲಿರುತ್ತದೆ. ಒಂದು ತುತ್ತು ಹೋದರೆ ಸಂಭ್ರಮ, ಬೇಡವೆಂದರೆ ಯಾರೋ ಒಬ್ಬರು ಅಡುಗೆಮನೆಗೆ ಹೋಗಿ ಅಳುತ್ತಾರೆ, ಅದು ನನಗೆ ಕೇಳಿಸುತ್ತದೆ. ಅವರ ಸಮಾಧಾನಕ್ಕೆಂದು ನುಂಗಿ, ಅವರು ಆಚೆ ಹೋದ ಮೇಲೆ ವಾಂತಿ ಮಾಡಿಕೊಳ್ಳುವುದು ನನ್ನ ದಿನಚರಿಯಾಗಿತ್ತು. ಒಂದು ದಿನ ನರ್ಸ್ ಎಲ್ಲರನ್ನೂ ಕೂರಿಸಿ, ಏನನ್ನು, ಎಷ್ಟು, ಯಾವಾಗ ತಿನ್ನಬೇಕೆಂಬುದನ್ನು ಇನ್ನು ಇವರೇ ಹೇಳಲಿ ಎಂದರು. ಆಮೇಲೆ ತಟ್ಟೆ ಸಣ್ಣದಾಯಿತು. ಬಿಸಿ ಆಹಾರದ ವಾಸನೆಗೇ ಹೊಟ್ಟೆ ತಿರುಗುತ್ತಿದ್ದುದರಿಂದ ತಣ್ಣಗಿನದು ಬಂತು. ಒಗ್ಗರಣೆಯ ಹೊತ್ತಿಗೆ ನನ್ನ ಕೋಣೆಯ ಬಾಗಿಲು ಮುಚ್ಚಿತು. ಬಾಯಿಗೆ ಲೋಹದ ರುಚಿ ಬರುತ್ತಿದೆಯೆಂದದ್ದಕ್ಕೆ ಪ್ಲಾಸ್ಟಿಕ್ ಚಮಚ ಕೊಟ್ಟರು. ಬೆಳಗ್ಗೆ ತಿನ್ನಬೇಕೆನಿಸುತ್ತದೆ, ಸಂಜೆ ಏನೂ ಬೇಡವೆನಿಸುತ್ತದೆ. ಆ ಲೆಕ್ಕವನ್ನೂ ಒಪ್ಪಿಕೊಂಡರು. ಹಸಿವೇನೂ ಮರಳಿ ಬರಲಿಲ್ಲ, ಜಗಳ ಮಾತ್ರ ನಿಂತಿತು. ನನಗೆ ಅದೇ ದೊಡ್ಡದು.

ಕಿಟಕಿಪಕ್ಕ ಅವರೇ, ನಿಮ್ಮ ಅಮ್ಮ ಮುಖ ತಿರುಗಿಸುವುದು ನಿಮ್ಮ ಮೇಲಿನ ಮುನಿಸಿನಿಂದಲ್ಲ.

ಕಿಟಕಿಪಕ್ಕ:
ನಿಮ್ಮ ಮಾತನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಏನೂ ಉತ್ತರ ಕೊಡಲಿಲ್ಲ, ಆದರೆ ರಾತ್ರಿ ಒತ್ತಾಯಿಸಲೂ ಇಲ್ಲ.

ನೇರನುಡಿ:
ಎಲ್ಲರೂ ಮೂಲವನ್ನೇ ಮರೆತಿದ್ದೀರಿ. ಸಕ್ಕರೆಯೇ ಕ್ಯಾನ್ಸರಿಗೆ ಆಹಾರ. ಸಿಹಿ, ಹಾಲು, ಹಣ್ಣು ಎಲ್ಲವನ್ನೂ ನಿಲ್ಲಿಸಿದರೆ ಗೆಡ್ಡೆ ತಾನಾಗಿ ಸೊರಗುತ್ತದೆ.

ಹಳೆಯ ದಾದಿ:
ನೇರನುಡಿ ಅವರೇ, ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚಾಗಿ ಬಳಸುತ್ತವೆ ಎಂಬುದು ನಿಜ. ಜರ್ಮನಿಯ ವಿಜ್ಞಾನಿ ಆಟೋ ವಾರ್ಬರ್ಗ್ ಇದನ್ನು 1920ರ ದಶಕದಲ್ಲೇ ಗುರುತಿಸಿದ್ದರು. ಆದರೆ ಸಿಹಿ ತಿನ್ನದಿದ್ದರೂ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಗ್ಲೂಕೋಸ್ ತಯಾರಿಸಿಕೊಳ್ಳುತ್ತದೆ. ಪಥ್ಯದಿಂದ ಗೆಡ್ಡೆ ಸೊರಗುವುದಿಲ್ಲ, ಸೊರಗುವುದು ರೋಗಿ. ಎರಡು ಚಮಚ ಮಾತ್ರ ಸೇರುವವರಿಗೆ ಆ ಎರಡರಲ್ಲಿ ಒಂದು ಸಿಹಿಯಾಗಿದ್ದು ಬಾಯಿಗೆ ಹಿತವೆನಿಸಿದರೆ ಅದನ್ನು ಕಸಿದುಕೊಳ್ಳುವುದರಲ್ಲಿ ಯಾವ ಅರ್ಥವೂ ಇಲ್ಲ.

ನೇರನುಡಿ:
ನನ್ನ ಅಭಿಪ್ರಾಯ ಹೇಳಿದೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿರ್ವಾಹಕರು:
ಕ್ಯಾನ್ಸರ್ ಗುಣಪಡಿಸುವ ಪಥ್ಯಗಳ ಚರ್ಚೆ ಬೇಡವೆಂದು ಪ್ರಶ್ನೆ ಕೇಳಿದವರು ಮೊದಲೇ ತಿಳಿಸಿದ್ದಾರೆ. ದಯವಿಟ್ಟು ವಿಷಯದಲ್ಲೇ ಇರಿ.

ಎರಡನೇ ಮಗ:
ಆ ಅಣ್ಣನ ಪರವಾಗಿ ಯಾರೂ ಮಾತನಾಡುತ್ತಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಹೆತ್ತ ತಾಯಿ ಕಣ್ಣೆದುರೇ ಸೊರಗುತ್ತಿರುವಾಗ ಕೈಕಟ್ಟಿ ಕೂರಿ ಎಂದರೆ ಯಾವ ಮಗನಿಗೆ ಸಾಧ್ಯ? ಮೂಗಿನ ನಳಿಕೆ ಇದೆ, ರಕ್ತನಾಳದ ಮೂಲಕ ಕೊಡುವ ಪೋಷಣೆ ಇದೆ, ಡ್ರಿಪ್ ಇದೆ. ಇವೆಲ್ಲ ಇದ್ದೂ ಏಕೆ ಕೊಡಬಾರದು? ಉಪಶಾಮಕ ಆರೈಕೆ ಎಂದರೆ ಉಪವಾಸ ಕೆಡವುವುದೇ?

ವಾರ್ಡ್ ನೋಟ:
ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಕೋಪವೂ ಅರ್ಥವಾಗುತ್ತದೆ. ನಾನು ವೈದ್ಯೆ, ಆದ್ದರಿಂದ ತುಸು ದೀರ್ಘವಾಗಿ ಬರೆಯುತ್ತೇನೆ.

ಮುಂದುವರಿದ ಕ್ಯಾನ್ಸರಿನಲ್ಲಿ ಕಾಣುವ ಈ ಸೊರಗುವಿಕೆಗೆ ಕ್ಯಾಕೆಕ್ಸಿಯಾ ಎನ್ನುತ್ತಾರೆ. ಆರು ತಿಂಗಳಲ್ಲಿ ದೇಹತೂಕದ ಶೇಕಡಾ 5ಕ್ಕಿಂತ ಹೆಚ್ಚು ಇಳಿಯುವುದನ್ನು ಅದರ ಒಂದು ಅಳತೆಯಾಗಿ 2011ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿಕೊಂಡರು. ಇದು ಹಸಿವಿನಿಂದ ಬಳಲುವ ಆರೋಗ್ಯವಂತನ ಸ್ಥಿತಿಯಲ್ಲ. ಗೆಡ್ಡೆ ಮತ್ತು ಅದಕ್ಕೆ ದೇಹ ತೋರುವ ಉರಿಯೂತದ ಪ್ರತಿಕ್ರಿಯೆಯಿಂದ ಚಯಾಪಚಯವೇ ಬದಲಾಗಿ, ಸ್ನಾಯು ಕರಗುತ್ತದೆ, ಹಸಿವೂ ಅಡಗುತ್ತದೆ. ಹೊರಗಿನಿಂದ ಎಷ್ಟು ಪೋಷಣೆ ತುಂಬಿದರೂ ಅದು ಸ್ನಾಯುವಾಗಿ ಮರಳುವುದಿಲ್ಲ. ತಿನ್ನದಿರುವುದರಿಂದ ಕಾಯಿಲೆ ಬಲಿಯುತ್ತಿದೆ ಎಂದು ಮನೆಯವರು ತಿಳಿಯುತ್ತಾರೆ. ಕಾಯಿಲೆ ಬಲಿತಿರುವುದರಿಂದ ತಿನ್ನಲಾಗುತ್ತಿಲ್ಲ ಎಂಬುದೇ ಬಹುಮಟ್ಟಿಗೆ ಸರಿ. ಹಾಗಾಗಿಯೇ ಮುಂದುವರಿದ ಕ್ಯಾನ್ಸರಿನ ಕ್ಯಾಕೆಕ್ಸಿಯಾಕ್ಕೆ ನಳಿಕೆಯ ಅಥವಾ ರಕ್ತನಾಳದ ಪೋಷಣೆಯನ್ನು ವಾಡಿಕೆಯಾಗಿ ಕೊಡಬೇಡಿ ಎಂದು ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2020ರ ಮಾರ್ಗಸೂಚಿಯಲ್ಲಿ ಹೇಳಿತು.

ಡ್ರಿಪ್ ಬಗ್ಗೆಯೂ ಪರೀಕ್ಷೆ ನಡೆದಿದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊನೆಯ ಹಂತದ 129 ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ ಒಂದು ಲೀಟರ್, ಉಳಿದವರಿಗೆ ಹೆಸರಿಗಷ್ಟೇ 100 ಮಿಲಿಲೀಟರ್ ಲವಣದ್ರಾವಣ ಕೊಟ್ಟರು. ನಿರ್ಜಲೀಕರಣದ ಲಕ್ಷಣಗಳಲ್ಲಾಗಲಿ, ಜೀವನದ ಗುಣಮಟ್ಟದಲ್ಲಾಗಲಿ, ಬದುಕಿದ ಅವಧಿಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ದುರ್ಬಲ ದೇಹಕ್ಕೆ ಹೆಚ್ಚು ನೀರು ತುಂಬಿದರೆ ಕಾಲು ಊದುವುದು, ಹೊಟ್ಟೆಯಲ್ಲಿ ನೀರು ಸೇರುವುದು, ಉಸಿರಾಟದಲ್ಲಿ ಗೊರಗೊರ ಹೆಚ್ಚುವುದು ಇದ್ದದ್ದೇ.

ಎರಡನೇ ಮಗ:
ಹಾಗಾದರೆ ಯಾರಿಗೂ ಡ್ರಿಪ್ ಬೇಡವೆಂದೇ ನಿಮ್ಮ ಮಾತೇ?

ವಾರ್ಡ್ ನೋಟ:
ಇಲ್ಲ, ಹಾಗೆ ಹೇಳಲಾರೆ. ಓಡಾಡಿಕೊಂಡಿದ್ದವರಿಗೆ ಎರಡು ದಿನದ ವಾಂತಿಯಿಂದ ನೀರಿನಂಶ ಇಳಿದಿದ್ದರೆ, ಕ್ಯಾಲ್ಸಿಯಂ ಏರಿ ಮಂಪರು ಕವಿದಿದ್ದರೆ, ಡ್ರಿಪ್ ಅವರನ್ನು ಮತ್ತೆ ಎದ್ದು ಕೂರಿಸಬಲ್ಲದು. ಗಂಟಲಿನ ಗೆಡ್ಡೆಯಿಂದ ನುಂಗಲಾಗದೆ ಹಸಿವಿನಿಂದಲೇ ಬಳಲುತ್ತಿರುವವರಿಗೆ ನಳಿಕೆ ನಿಜವಾದ ಉಪಕಾರ. ಸರಿಪಡಿಸಬಹುದಾದ ಕಾರಣವಿದೆಯೇ, ರೋಗಿಗೆ ಅದು ಬೇಕೇ ಎಂಬುದನ್ನು ನೋಡಿ, ಬೇಕಾದರೆ ಕೆಲವು ದಿನಗಳ ಮಿತಿಯಿಟ್ಟು ಪ್ರಯತ್ನಿಸಿ, ಉಪಯೋಗವಾಗದಿದ್ದರೆ ನಿಲ್ಲಿಸುವುದು ಎಂದು ಮೊದಲೇ ಮಾತಾಡಿಕೊಳ್ಳಬೇಕು. ಡ್ರಿಪ್ ನಿಲ್ಲಿಸುವಾಗ ನಡೆಯುವ ಜಗಳ, ಹಾಕುವಾಗಿನ ಜಗಳಕ್ಕಿಂತ ದೊಡ್ಡದು.

ತುಂತುರು:
ಹಸಿವು ಹೆಚ್ಚಿಸುವ ಮಾತ್ರೆ ಯಾವುದೂ ಇಲ್ಲವೇ?

ವಾರ್ಡ್ ನೋಟ:
ಇವೆ, ಆದರೆ ಮಿತಿಗಳೊಂದಿಗೆ. ಡೆಕ್ಸಾಮೆಥಸೋನ್ ಹಸಿವನ್ನೂ ಉತ್ಸಾಹವನ್ನೂ ಕೆಲವು ವಾರ ಹೆಚ್ಚಿಸಿ ಆಮೇಲೆ ತಣ್ಣಗಾಗುತ್ತದೆ. ನಿದ್ದೆ ಕೆಡುವುದರಿಂದ ಅದನ್ನು ಬೆಳಗ್ಗೆಯೇ ಕೊಡಬೇಕು. ರಕ್ತದ ಸಕ್ಕರೆ ಏರುತ್ತದೆ, ಹೆಚ್ಚು ದಿನವಾದರೆ ತೊಡೆಯ ಸ್ನಾಯುಗಳು ಸೋಲುತ್ತವೆ. ಮೆಜೆಸ್ಟ್ರಾಲ್ ಹಸಿವು ಹೆಚ್ಚಿಸಿದರೂ ರಕ್ತ ಹೆಪ್ಪುಗಟ್ಟುವ ಅಪಾಯ ತರುತ್ತದೆ. ಈಚೆಗೆ ಕಡಿಮೆ ಪ್ರಮಾಣದ ಒಲಾಂಜಪೈನ್ ಬಳಕೆಗೆ ಬಂದಿದ್ದು, ಅದೇ ಸಂಘ 2023ರಲ್ಲಿ ಮಾರ್ಗಸೂಚಿ ಪರಿಷ್ಕರಿಸಿದಾಗ ಅದನ್ನು ಸೇರಿಸಿತು. ವಾಕರಿಕೆಗೂ ಅದು ಕೆಲಸ ಮಾಡುವುದರಿಂದ ಕಿಟಕಿಪಕ್ಕ ಅವರು ತಮ್ಮ ವೈದ್ಯರನ್ನು ವಿಚಾರಿಸಬಹುದು. ತೂಕಡಿಕೆ ತರುತ್ತದೆ, ಆದ್ದರಿಂದ ಸಾಮಾನ್ಯವಾಗಿ ರಾತ್ರಿ ಕೊಡುತ್ತಾರೆ.

ಬಿಡುವು:
ಬಾಯಿಯನ್ನು ಯಾರೂ ನೋಡಿಲ್ಲವಲ್ಲ! ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಬಿಳಿ ಮಚ್ಚೆಗಳಿದ್ದರೆ ಅದು ಶಿಲೀಂಧ್ರದ ಸೋಂಕು. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ, ಬಾಯಿ ಒಣಗಿದವರಲ್ಲಿ ಬಹಳ ಸಾಮಾನ್ಯ. ನಮ್ಮ ತಂದೆಯವರು ರುಚಿಯೇ ಇಲ್ಲವೆಂದು ಎಲ್ಲವನ್ನೂ ಬಿಟ್ಟಿದ್ದರು. ನಿಸ್ಟಾಟಿನ್ ಹನಿ ಆರಂಭಿಸಿದ ಮೇಲೆ ತಾವಾಗಿಯೇ ಹಣ್ಣಿನ ರಸ ಕೇಳಿದರು. ಮೃದುವಾದ ಬ್ರಷ್, ಊಟವಾದ ಮೇಲೆ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು, ಕೃತಕ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು ತೊಳೆದಿಡುವುದು, ತುಟಿಗೆ ಮುಲಾಮು: ಇಷ್ಟನ್ನು ಮನೆಯವರೇ ಮಾಡಬಹುದು. ಏನಾದರೂ ಮಾಡಲೇಬೇಕೆಂದು ಚಡಪಡಿಸುತ್ತಿರುವ ಅಣ್ಣನಿಗೆ ಈ ಕೆಲಸ ವಹಿಸಿ ನೋಡಿ.

ಹಳೆಯ ದಾದಿ:
ಬಹಳ ಒಳ್ಳೆಯ ಸಲಹೆ. ಕೊನೆಯ ದಿನಗಳಲ್ಲಿ ಬಾಯಾರಿಕೆ ಎನ್ನುವುದು ಹೆಚ್ಚಾಗಿ ಬಾಯಿ ಒಣಗಿದ ಅನುಭವ. ಅದಕ್ಕೆ ಲೀಟರುಗಟ್ಟಲೆ ನೀರಿಗಿಂತ ಮಂಜುಗಡ್ಡೆಯ ಚೂರು, ಗುಟುಕು ನೀರು, ತೇವದ ಸ್ಪಂಜು ಹೆಚ್ಚು ಉಪಕಾರಿ. 1994ರಲ್ಲಿ ಬಂದ ಒಂದು ಸಣ್ಣ ಅಧ್ಯಯನದಲ್ಲಿ ಕೊನೆಯ ಹಂತದ 32 ರೋಗಿಗಳ ಪೈಕಿ 20 ಮಂದಿಗೆ ಹಸಿವೇ ಕಾಡಿರಲಿಲ್ಲ, 11 ಮಂದಿಗೆ ಆರಂಭದಲ್ಲಿ ಮಾತ್ರ ಕಾಡಿತ್ತು. ಮಂಪರಿನಲ್ಲಿರುವವರ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಎಚ್ಚರವಿದ್ದಾಗ ಎತ್ತರಿಸಿ ಕೂರಿಸಿ ಕೊಡಿ, ಆಮೇಲೂ ಅರ್ಧ ಗಂಟೆ ಹಾಗೇ ಕೂರಲಿ. ನುಂಗುವಾಗ ಪ್ರತಿಸಲವೂ ಕೆಮ್ಮು ಬಂದರೆ ಅದನ್ನು ತಂಡಕ್ಕೆ ತಿಳಿಸಬೇಕು.

ತುಂತುರು:
ಸ್ವಲ್ಪ ಬೇರೆ ವಿಷಯ, ಆದರೂ ಕೇಳುತ್ತೇನೆ. ನಮ್ಮ ಮಾವನವರಿಗೂ ಇದೇ ಸ್ಥಿತಿ, ಜೊತೆಗೆ ಮಧುಮೇಹವಿದೆ. ಊಟ ಸೇರುತ್ತಿಲ್ಲ, ಮಾತ್ರೆಗಳನ್ನು ಮಾತ್ರ ಒಂದೂ ತಪ್ಪಿಸದೆ ಕೊಡುತ್ತಿದ್ದೇವೆ.

ಔಷಧಪೆಟ್ಟಿಗೆ:
ಇದು ಬೇರೆ ವಿಷಯವಲ್ಲ, ಇದೇ ವಿಷಯ. ಊಟ ಕಡಿಮೆಯಾದ ಮೇಲೂ ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಕೊಟ್ಟರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಮೆಟ್‌ಫಾರ್ಮಿನ್ ತಾನೇ ವಾಕರಿಕೆ ತರುತ್ತದೆ, ಹಸಿವು ಕೊಲ್ಲುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಆದರೆ ನಾಳೆಯೇ ವೈದ್ಯರಿಗೆ ಮಾತ್ರೆಗಳ ಪೂರ್ತಿ ಪಟ್ಟಿ ತೋರಿಸಿ ಯಾವುದು ಇನ್ನೂ ಬೇಕು ಎಂದು ಕೇಳಿ. ಕೊಲೆಸ್ಟರಾಲ್ ಮಾತ್ರೆಯನ್ನು ಇಂಥ ಹಂತದಲ್ಲಿ ನಿಲ್ಲಿಸುವುದು ಸುರಕ್ಷಿತವೆಂದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ನುಂಗಲು ಕಷ್ಟಪಡುವವರಿಗೆ ಹತ್ತು ಮಾತ್ರೆ ನಾಲ್ಕಾದರೆ ಅಷ್ಟರಮಟ್ಟಿಗೆ ಹೊಟ್ಟೆಯಲ್ಲಿ ಜಾಗವೂ ಆಗುತ್ತದೆ.

ಎರಡನೇ ಮಗ:
ಯಾವ ಸ್ಥಿತಿಯಲ್ಲಿ ಬೆಳಗಾಗುವವರೆಗೆ ಕಾಯದೆ ಕರೆ ಮಾಡಬೇಕು ಎಂಬುದನ್ನಾದರೂ ಯಾರಾದರೂ ಸ್ಪಷ್ಟವಾಗಿ ಬರೆಯಿರಿ.

ವಾರ್ಡ್ ನೋಟ:
ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥ ಕಪ್ಪು ಕಂಡರೆ ಕಾಯಬೇಡಿ. ಹಸಿರು ಅಥವಾ ಮಲದ ವಾಸನೆಯ ವಾಂತಿಯಾಗಿ, ಹೊಟ್ಟೆ ಉಬ್ಬಿ, ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಅಂಡಾಶಯದ ಕ್ಯಾನ್ಸರಿನಲ್ಲಿ ಇದು ಹೆಚ್ಚು, ಹಾಗಾಗಿ ಕಿಟಕಿಪಕ್ಕ ಅವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆಗ ಮಲ ಸಡಿಲಗೊಳಿಸುವ ಔಷಧಿಯನ್ನೂ ಕೇಳದೆ ಕೊಡಬಾರದು. ವಿಪರೀತ ದಾಹ, ಮಲಬದ್ಧತೆ, ಗೊಂದಲದ ಮಾತು ಒಟ್ಟಿಗೆ ಕಂಡರೆ ಕ್ಯಾಲ್ಸಿಯಂ ಪರೀಕ್ಷಿಸಬೇಕಾಗುತ್ತದೆ. ಇಡೀ ದಿನ ಗುಟುಕು ನೀರೂ ನಿಲ್ಲದಿದ್ದರೆ, ನೋವಿನ ಮಾತ್ರೆಗಳೇ ವಾಂತಿಯಾಗಿ ಹೋಗುತ್ತಿದ್ದರೆ ಕರೆ ಮಾಡಿ. ಔಷಧಿಯನ್ನು ಚರ್ಮದಡಿಗೆ ಸಣ್ಣ ಪಂಪಿನ ಮೂಲಕ ದಿನವಿಡೀ ಕೊಡುವ ವ್ಯವಸ್ಥೆ ಮನೆಯಲ್ಲೇ ಸಾಧ್ಯ.

ಕಿಟಕಿಪಕ್ಕ:
ನರ್ಸ್ ಬಂದು ಪರೀಕ್ಷಿಸಿದರು. ಕೆಳಗೆ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಎನಿಮಾ ಕೊಟ್ಟ ಮೇಲೆ ಅಮ್ಮ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದರು. ಒಂಡಾನ್ಸೆಟ್ರಾನ್ ನಿಲ್ಲಿಸಿ ಹ್ಯಾಲೊಪೆರಿಡಾಲ್ ಅನ್ನು ರಾತ್ರಿಗೆ ಬರೆದಿದ್ದಾರೆ, ಹೊಟ್ಟೆಯಲ್ಲಿ ನೀರಿದೆಯೇ ಎಂದು ಸ್ಕ್ಯಾನ್ ಮಾಡಿಸಲು ಹೇಳಿದ್ದಾರೆ. ವಾಕರಿಕೆ ಪೂರ್ತಿ ಹೋಗಿಲ್ಲ, ಆದರೆ ಕಡಿಮೆಯಾಗಿದೆ. ಬಾಯಿ ಸ್ವಚ್ಛಗೊಳಿಸುವ ಕೆಲಸವನ್ನು ಅಣ್ಣ ವಹಿಸಿಕೊಂಡಿದ್ದಾನೆ. ಡ್ರಿಪ್ ವಿಷಯ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಒಂದು ಪ್ರಶ್ನೆ ಉಳಿದಿದೆ: ಮಾರ್ಫಿನ್ ಮಾತ್ರೆ ನುಂಗಲು ದೊಡ್ಡದೆನಿಸುತ್ತದೆ, ಪುಡಿ ಮಾಡಿ ಕೊಡಬಹುದೇ?

ಔಷಧಪೆಟ್ಟಿಗೆ:
ದಿನಕ್ಕೆ ಎರಡು ಬಾರಿ ಕೊಡುವ, ನಿಧಾನವಾಗಿ ಕರಗುವ ಮಾತ್ರೆಯಾಗಿದ್ದರೆ ಯಾವ ಕಾರಣಕ್ಕೂ ಪುಡಿ ಮಾಡಬೇಡಿ. ಹನ್ನೆರಡು ಗಂಟೆಯ ಔಷಧಿ ಒಮ್ಮೆಲೇ ದೇಹಕ್ಕೆ ಸೇರಿ ಉಸಿರಾಟಕ್ಕೇ ಅಪಾಯವಾಗುತ್ತದೆ. ಬದಲಿಗೆ ದ್ರವರೂಪದ ಮಾರ್ಫಿನ್ ಅಥವಾ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ ಸಾಧ್ಯವೇ ಎಂದು ವೈದ್ಯರನ್ನು ಕೇಳಿ. ಪಟ್ಟಿ ಬಂದರೆ ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು, ಶಾಖಕ್ಕೆ ಔಷಧಿ ಬೇಗ ಹೀರಿಕೊಳ್ಳುತ್ತದೆ.